ಶಾರ್ಜಾದಿಂದ ಬ್ಲೂ-ರೇ ಪ್ಲೇಯರ್ ಕಡಿಮೆಗೆ ಸಿಗುತ್ತಿದೆ, ತಗೊಳ್ಳಬಹುದಾ?

ಬದಿಯಡ್ಕ_ಬೈಲು

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ದೊಡ್ಡಪ್ಪನ ಮಗ ಶಾರ್ಜಾದಲ್ಲಿದ್ದಾನೆ, ಬರುವ ತಿಂಗಳು ರಜೆಯಲ್ಲಿ ಊರಿಗೆ ಬರುತ್ತಾನೆ. ಅವನ ಬಿಲ್ಡಿಂಗಿನಲ್ಲಿ ಯಾರೋ ಕೆಲಸ ಬಿಟ್ಟು ಹೋಗುವವರು ಸಾಮಾನೆಲ್ಲ ಮಾರುತ್ತಿದ್ದಾರಂತೆ, ಅದರಲ್ಲಿ ಒಂದು ಬ್ಲೂ-ರೇ ಪ್ಲೇಯರ್ (ಡಿವಿಡಿಯ ನಂತರ ಬಂದ, ಹೆಚ್ಚು ಸ್ಪಷ್ಟ ಚಿತ್ರದ ಡಿಸ್ಕ್ ಓಡಿಸುವಂಥದ್ದು) ಉಂಟು. ಒಳ್ಳೆಯ ಕಂಪೆನಿಯದ್ದೇ. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಚಿಲ್ಲರೆ ಆಗುತ್ತದೆ. ರಿಮೋಟ್, ವಯರ್ ಎಲ್ಲ ಸರಿ ಇದೆಯಂತೆ. ಬೇಕಾದರೆ ಹೇಳು, ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತೇನೆ ಅಂತ ವಾಯ್ಸ್ ಕಳಿಸಿದ್ದಾನೆ.

ನನಗೆ ಬೇಕಿರುವುದು ಅಪ್ಪನಿಗೆ. ಅಪ್ಪ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು, ಈಗ ಮನೆಯಲ್ಲೇ ಇದ್ದಾರೆ. ಯಕ್ಷಗಾನದ ಆಟ ಅಂದರೆ ಊಟ ಬಿಡುವವರು. ಅಟ್ಟದಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತುಂಬ ಯಕ್ಷಗಾನ, ತಾಳಮದ್ದಳೆಯ ವಿಸಿಡಿ (ಸಿಡಿಯಲ್ಲೇ ವಿಡಿಯೊ ತುಂಬಿಸಿದ್ದು) ಮತ್ತು ಡಿವಿಡಿ ಉಂಟು. ಕೆಲವು ಅಂಗಡಿಯಿಂದ ತಂದದ್ದು, ಕೆಲವು ಯಾರೋ ಕ್ಯಾಮರಾದವರಿಂದ ಕಾಪಿ ಮಾಡಿಸಿದ್ದು. ಹಳೆಯ ಡಿವಿಡಿ ಪ್ಲೇಯರ್ ತುಲಾ ತಿಂಗಳ ಸಿಡಿಲಿಗೆ ಹೋಯಿತು. ಟಿವಿ ಈಚೆಗೆ ತೆಗೆದದ್ದು, 43 ಇಂಚಿನ ಸ್ಮಾರ್ಟ್ ಟಿವಿ.

ಬ್ಲೂ-ರೇಯಲ್ಲಿ ಹಾಕಿದರೆ ಹಳೆಯ ಡಿಸ್ಕೂ ಚೆನ್ನಾಗಿ ಕಾಣುತ್ತದೆ ಅಂತ ಅಣ್ಣ ಹೇಳುತ್ತಾನೆ. ನಿಜವಾ? ಇನ್ನೊಂದು, ನಾನು ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ಶೋರೂಮಿನಲ್ಲಿ ಇದನ್ನು ಗಾಜಿನ ಕಪಾಟಿನೊಳಗೆ ಇಟ್ಟಿದ್ದರು, ಬೆಲೆ ನೋಡಿಯೇ ಈಚೆ ಬಂದಿದ್ದೆವು. ಈಗ ಇಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ? ನಮ್ಮ ಕಡೆ ಯಾರ ಮನೆಯಲ್ಲೂ ಇದನ್ನು ನೋಡಿದ ನೆನಪೇ ಇಲ್ಲ. ಏನಾದರೂ ಐಬು ಉಂಟಾ?

ಪೆನ್‌ಡ್ರೈವ್_ಪಂಡಿತ

ಎಂತಕ್ಕೆ ಮಾರಾಯ್ರೆ ಇದೆಲ್ಲ? ಸ್ಮಾರ್ಟ್ ಟಿವಿ ಉಂಟಲ್ಲ, ಯೂಟ್ಯೂಬ್ ಹಾಕಿ ಕೊಡಿ. ಬೇಕಾದಷ್ಟು ಆಟ ಉಂಟು, ಲೈವ್ ಕೂಡ ಬರುತ್ತದೆ. ಎರಡು ಸಾವಿರ ಉಳಿಯಿತು, ಅಣ್ಣನ ಬ್ಯಾಗಿನಲ್ಲಿ ಜಾಗವೂ ಉಳಿಯಿತು.

ಉಪ್ಪಳ_ಸರ್ವಿಸ್

ಪಂಡಿತರೇ, ಅವರ ಅಪ್ಪನ ಪೆಟ್ಟಿಗೆಯಲ್ಲಿರುವುದು ಯೂಟ್ಯೂಬಿನಲ್ಲಿ ಇದೆ ಅಂತ ನಿಮಗೆ ಹೇಗೆ ಗೊತ್ತು? ಊರಿನ ಕ್ಯಾಮರಾದವರು ಒಂದು ರಾತ್ರಿ ಹಿಡಿದದ್ದನ್ನು ನಾಲ್ಕು ಜನಕ್ಕೆ ಕಾಪಿ ಮಾಡಿ ಕೊಟ್ಟಿರುತ್ತಾರೆ. ಅಂಥದ್ದು ಎಲ್ಲಿಯೂ ಸಿಗುವುದಿಲ್ಲ.

ಬೈಲಿನವರೇ, ನಾನು ಉಪ್ಪಳದಲ್ಲಿ ಟಿವಿ, ಡಿವಿಡಿ ರಿಪೇರಿ ಮಾಡುವವನು. ಈಗ ಡಿವಿಡಿ ಬರುವುದು ಕಮ್ಮಿ, ಎಲ್‌ಇಡಿ ಟಿವಿಯೇ ಜಾಸ್ತಿ. ಪ್ಲೇಯರಿನ ಬೆಲೆ ನೋಡುವ ಮೊದಲು ನಿಮ್ಮ ಪೆಟ್ಟಿಗೆಯಲ್ಲಿ ವಿಸಿಡಿ ಎಷ್ಟು, ಡಿವಿಡಿ ಎಷ್ಟು ನೋಡಿ. ಯಾಕೆಂದರೆ ಕೆಲವು ಬ್ಲೂ-ರೇ ಪ್ಲೇಯರುಗಳು ವಿಸಿಡಿ ಓದುವುದಿಲ್ಲ. ಡಿವಿಡಿ ಓದುತ್ತವೆ, ಆಡಿಯೊ ಸಿಡಿ ಸಾಧಾರಣ ಓದುತ್ತವೆ, ವಿಸಿಡಿ ಹಾಕಿದರೆ ಕೆಲವು ಸುಮ್ನೆ ಉಗುಳಿಬಿಡುತ್ತವೆ. ವಿಸಿಡಿ ಜೋರಾಗಿ ಓಡಿದ್ದು ನಮ್ಮ ಏಷ್ಯಾದಲ್ಲಿ. ಅಮೆರಿಕದವರಿಗೆ ಅದರ ಗೋಜೇ ಇರಲಿಲ್ಲ, ಅವರ ಮಾರ್ಕೆಟ್ಟಿಗೆ ಮಾಡಿದ ಪ್ಲೇಯರಿಗೆ ಅದನ್ನು ಕಲಿಸುವ ಕೆಲಸಕ್ಕೂ ಯಾರೂ ಹೋಗಲಿಲ್ಲ. ಸೋನಿಯ ಪ್ಲೇಸ್ಟೇಷನ್ 3 ಬ್ಲೂ-ರೇಯನ್ನೂ ಓಡಿಸುವ ಅಂಥ ದೊಡ್ಡ ಗೇಮ್ ಮೆಷಿನ್, ಅದು ಕೂಡ ವಿಸಿಡಿ ಓದುವುದಿಲ್ಲ. ಆದ್ದರಿಂದ ಅಣ್ಣನಿಗೆ ಮಾಡೆಲ್ ನಂಬರ್ ಕೇಳಿ, ಮ್ಯಾನ್ಯುಯಲ್ ತೆಗೆದು ಯಾವ ಡಿಸ್ಕ್ ಓದುತ್ತದೆ ಎಂಬ ಪಟ್ಟಿಯಲ್ಲಿ ವಿಸಿಡಿ ಇದೆಯಾ ನೋಡಿ. ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಚೆನ್ನಾಗಿ ಕಾಣುತ್ತದೆ ಎನ್ನುವುದು ಅರ್ಧ ನಿಜ. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದದ ಚುಕ್ಕೆಗಳದ್ದು. ಫುಲ್ ಎಚ್‌ಡಿ ಅಂದರೆ 1920ಕ್ಕೆ 1080. ಸುಮಾರು ಇಪ್ಪತ್ತು ಪಟ್ಟು ಜಾಸ್ತಿ. ಇಲ್ಲದ ಚುಕ್ಕೆಗಳನ್ನು ಪ್ಲೇಯರ್ ಅಂದಾಜಿನ ಮೇಲೆ ತುಂಬಿಸುತ್ತದೆ. ಅಂಚು ಸ್ವಲ್ಪ ನಯವಾಗಿ ಕಾಣಬಹುದು, ಅಷ್ಟೇ. ಕಿರೀಟದ ಕುಸುರಿ, ಮುಖದ ಮೇಲಿನ ಚುಟ್ಟಿ ಹೊಸದಾಗಿ ಹುಟ್ಟಿ ಬರುವುದಿಲ್ಲ. ಡಿವಿಡಿ ಆದರೆ 720ಕ್ಕೆ 576, ಅದು ಪರವಾಗಿಲ್ಲ, ಅದನ್ನು ದೊಡ್ಡದು ಮಾಡಿದರೂ ನೋಡುವ ಹಾಗಿರುತ್ತದೆ. ಆದರೆ ಆ ಕೆಲಸ ನಿಮ್ಮ ಟಿವಿಯೂ ಮಾಡುತ್ತದೆ, ಅದಕ್ಕಾಗಿ ಬ್ಲೂ-ರೇ ಬೇಕೆಂದಿಲ್ಲ.

ಮತ್ತೆ ಹಳೆಯ ಪ್ಲೇಯರ್ ತೆಗೆಯುವವರು ಮಾಡುವ ಒಂದು ಕೆಲಸ ಉಂಟು, ಒಂದು ಡಿಸ್ಕ್ ಹಾಕಿ ಓಡಿತು ಅಂತ ದುಡ್ಡು ಕೊಟ್ಟುಬಿಡುತ್ತಾರೆ. ಬ್ಲೂ-ರೇ ಪ್ಲೇಯರಿನೊಳಗೆ ಮೂರು ಬಗೆಯ ಬೆಳಕು ಇರುತ್ತದೆ. ಸಿಡಿ, ವಿಸಿಡಿಗೆ 780 ನ್ಯಾನೋಮೀಟರಿನದ್ದು, ಡಿವಿಡಿಗೆ 650ರ ಕೆಂಪು, ಬ್ಲೂ-ರೇಗೆ 405ರ ನೀಲಿ-ನೇರಳೆ. ಒಂದು ಸತ್ತರೂ ಇನ್ನೊಂದು ಓಡುತ್ತಿರುತ್ತದೆ. ಬ್ಲೂ-ರೇ ಡಿಸ್ಕ್ ಹಾಕಿ ಲಕಲಕ ಚಿತ್ರ ತೋರಿಸಿದ ಪ್ಲೇಯರ್ ಊರಿಗೆ ಬಂದ ಮೇಲೆ ಡಿವಿಡಿ ಓದದೆ ಕೂತದ್ದನ್ನು ನಾನು ಕಂಡಿದ್ದೇನೆ. ಮೂರೂ ಬಗೆಯ ಡಿಸ್ಕ್ ಹಾಕಿ ನೋಡಲು ಅಣ್ಣನಿಗೆ ಹೇಳಿ. ಡಿಸ್ಕಿನ ಶುರುವಿನಲ್ಲಿ ಮಾತ್ರ ಅಲ್ಲ, ಮಧ್ಯಕ್ಕೆ, ಕೊನೆಗೆ ಹಾರಿಸಿಯೂ ನೋಡಬೇಕು.

ಕರಾಮ_ಕನ್ನಡಿಗ

ದುಬೈಯಿಂದ ಬರೆಯುತ್ತಿದ್ದೇನೆ, ಊರು ಪೆರ್ಲ. ಉಪ್ಪಳದ ಅಣ್ಣ ಹೇಳಿದ್ದರ ಮೇಲೆ ಒಂದು ಮಾತು. ಇಲ್ಲಿನ ಪ್ಲೇಯರ್ ಊರಿಗೆ ತರುವಾಗ ರೀಜನ್ ನೋಡಲೇಬೇಕು. ಬ್ಲೂ-ರೇಗೆ ಪ್ರಪಂಚವನ್ನು ಎ, ಬಿ, ಸಿ ಅಂತ ಮೂರು ಪಾಲು ಮಾಡಿದ್ದಾರೆ. ಗಲ್ಫ್, ಯುರೋಪ್ ಬಿ. ಭಾರತ ಸಿ. ಊರಿನಲ್ಲಿ ಕೊಂಡ ಡಿಸ್ಕಿಗೆ ಬೀಗ ಹಾಕಿದ್ದರೆ ಇಲ್ಲಿನ ಪ್ಲೇಯರಿನಲ್ಲಿ ಓಡುವುದಿಲ್ಲ. ಡಿವಿಡಿಯಲ್ಲೂ ಹಾಗೆಯೇ, ಗಲ್ಫ್ 2, ಭಾರತ 5. ಡಿವಿಡಿ ಪ್ಲೇಯರಿನ ಬೀಗವನ್ನು ಎಷ್ಟೋ ಮಾಡೆಲುಗಳಲ್ಲಿ ರಿಮೋಟಿನಲ್ಲಿ ಏನೋ ನಂಬರ್ ಒತ್ತಿ ತೆಗೆಯಬಹುದಿತ್ತು, ಬ್ಲೂ-ರೇಯಲ್ಲಿ ಅದು ಅಷ್ಟು ಸುಲಭ ಅಲ್ಲ. 2016ರಲ್ಲಿ ಬಂದ 4ಕೆ ಡಿಸ್ಕುಗಳಿಗೆ ಮಾತ್ರ ಈ ರೀಜನ್ ರಗಳೆ ಇಲ್ಲ, ಆದರೆ ಅದಕ್ಕೆ ಬೇರೆ ಪ್ಲೇಯರ್ ಬೇಕು.

ಊರಿನ ಸ್ಟುಡಿಯೊದವರು ಮಾಡಿದ ಯಕ್ಷಗಾನದ ಡಿಸ್ಕಿಗೆ ಸಾಧಾರಣ ಬೀಗ ಇರುವುದಿಲ್ಲ, ಆ ಹೆದರಿಕೆ ಬೇಡ. ಪ್ಲಗ್ ಮಾತ್ರ ಇಲ್ಲಿನದ್ದು ಚಪ್ಪಟೆ ಮೂರು ಪಿನ್, ಅಡಾಪ್ಟರ್ ಹಾಕಿ. ವೋಲ್ಟೇಜ್ ಒಂದೇ.

ನೀಲಿಕಿರಣ

ಬೆಲೆ ಯಾಕೆ ಬಿತ್ತು ಅಂತ ಕೇಳಿದಿರಲ್ಲ, ಅದು ನನಗೆ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಬೇಡದವರು ಮುಂದೆ ಹೋಗಿ.

2002ರ ಫೆಬ್ರವರಿಯಲ್ಲಿ ಸೋನಿ, ಮತ್ಸುಶಿತಾ, ಫಿಲಿಪ್ಸ್, ಸ್ಯಾಮ್‌ಸಂಗ್ ಹೀಗೆ ಒಂಬತ್ತು ಕಂಪೆನಿಗಳು ಸೇರಿ ಬ್ಲೂ-ರೇ ಅಂತ ಹೇಳಿದವು. ಮತ್ಸುಶಿತಾ ಅಂದರೆ ಈಗಿನ ಪ್ಯಾನಸಾನಿಕ್. ತೋಷಿಬಾ ಮತ್ತು ಎನ್‌ಇಸಿ ಇವರ ಜೊತೆ ಬರಲಿಲ್ಲ, ಎಚ್‌ಡಿ ಡಿವಿಡಿ ಅಂತ ಬೇರೆಯೇ ಮಾಡಿದವು. ಎರಡರಲ್ಲೂ ಅದೇ ನೀಲಿ ಲೇಸರ್. ಜಗಳ ಇದ್ದದ್ದು ಡಿಸ್ಕಿನ ಮೇಲೆ. ಎಚ್‌ಡಿ ಡಿವಿಡಿಯಲ್ಲಿ ಒಂದು ಪದರಕ್ಕೆ 15 ಜಿಬಿ, ಬ್ಲೂ-ರೇಯಲ್ಲಿ 25. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಕೆಳಗಿನ ಮೈಯಿಂದ ಬರೇ 0.1 ಮಿಲಿಮೀಟರ್ ಒಳಗೆ ಇರುತ್ತದೆ, ಲೆನ್ಸ್ ಅಷ್ಟು ಹತ್ತಿರದಿಂದ ಓದುವುದರಿಂದ ಜಾಸ್ತಿ ತುಂಬಿಸಬಹುದು. ಎಚ್‌ಡಿ ಡಿವಿಡಿಯಲ್ಲಿ ಅದು ಹಳೆಯ ಡಿವಿಡಿಯ ಹಾಗೆಯೇ 0.6 ಮಿಲಿಮೀಟರ್. ಡಿವಿಡಿ ಒತ್ತುವ ಫ್ಯಾಕ್ಟರಿಯನ್ನೇ ಸ್ವಲ್ಪ ಬದಲಿಸಿದರೆ ಎಚ್‌ಡಿ ಡಿವಿಡಿ ಒತ್ತಬಹುದಿತ್ತು. ಬ್ಲೂ-ರೇಗೆ ಹೊಸ ಮೆಷಿನ್ ಬೇಕಿತ್ತು. ಅದರ ಖರ್ಚು ಡಿಸ್ಕಿನ ಬೆಲೆಯಲ್ಲಿ ಕೂತಿತು.

ಬೆಲೆ ನೋಡಿ. 2003ರಲ್ಲಿ ಸೋನಿ ಜಪಾನಿನಲ್ಲಿ ಬಿಟ್ಟ ಮೊದಲ ಬ್ಲೂ-ರೇ ರೆಕಾರ್ಡರಿಗೆ 4,50,000 ಯೆನ್. ಅದು ಬಿಡಿ, ಅದು ಸಾಧಾರಣ ಮನೆಯವರ ಕೈಗೆ ಎಟಕುವ ಬೆಲೆಯೇ ಅಲ್ಲ. 2006ರಲ್ಲಿ ಅಮೆರಿಕದಲ್ಲಿ ತೋಷಿಬಾದ ಮೊದಲ ಎಚ್‌ಡಿ ಡಿವಿಡಿ ಪ್ಲೇಯರ್ 499 ಡಾಲರಿಗೆ ಬಂತು, ಸ್ಯಾಮ್‌ಸಂಗಿನ ಮೊದಲ ಬ್ಲೂ-ರೇ ಪ್ಲೇಯರ್ 999ಕ್ಕೆ. ಸರಿಯಾಗಿ ಎರಡು ಪಟ್ಟು. ಬೆಲೆಯೇ ತೀರ್ಮಾನ ಮಾಡುವುದಾದರೆ ತೋಷಿಬಾ ಅಲ್ಲೇ ಗೆಲ್ಲಬೇಕಿತ್ತು. ಅದೇ ವರ್ಷ ನವೆಂಬರಿನಲ್ಲಿ ಸೋನಿ ಪ್ಲೇಸ್ಟೇಷನ್ 3ರೊಳಗೆ ಬ್ಲೂ-ರೇ ಡ್ರೈವ್ ಇಟ್ಟು 499 ಮತ್ತು 599 ಡಾಲರಿಗೆ ಬಿಟ್ಟಿತು. ಗೇಮಿಗೆ ಅಂತ ಕೊಂಡ ಹುಡುಗರ ಮನೆಗೆಲ್ಲ ಕೇಳದೆಯೇ ಒಂದೊಂದು ಬ್ಲೂ-ರೇ ಪ್ಲೇಯರ್ ಹೋಗಿ ಕೂತಿತು. ಸಿನಿಮಾ ಕಂಪೆನಿಗಳು ಲೆಕ್ಕ ಹಾಕುವುದು ಎಷ್ಟು ಮನೆಯಲ್ಲಿ ಪ್ಲೇಯರ್ ಇದೆ ಅಂತ ತಾನೆ, ಅದು ಯಾವ ಹೆಸರಿನಲ್ಲಿ ಬಂತು ಅಂತ ಅವರಿಗೆ ಏನು?

ತೋಷಿಬಾ ಬೆಲೆ ಇಳಿಸುತ್ತಾ ಹೋಯಿತು. 2007ರ ನವೆಂಬರಿನಲ್ಲಿ ವಾಲ್‌ಮಾರ್ಟಿನಲ್ಲಿ ಅದರ ಒಂದು ಮಾಡೆಲ್ 100 ಡಾಲರಿಗಿಂತ ಕಮ್ಮಿಗೆ ಹೋಯಿತು. ಜನ ಮುಗಿಬಿದ್ದು ಕೊಂಡರು. 2008ರ ಜನವರಿ 4ಕ್ಕೆ ಸಿನಿಮಾ ಕಂಪೆನಿ ವಾರ್ನರ್ ನಾವು ಇನ್ನು ಬ್ಲೂ-ರೇ ಮಾತ್ರ ಅಂತ ಹೇಳಿತು. ಫೆಬ್ರವರಿ 19ಕ್ಕೆ ತೋಷಿಬಾ ಅಂಗಡಿ ಮುಚ್ಚಿತು. ನವೆಂಬರಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟವರಿಗೆ ಕೆಲವೇ ತಿಂಗಳಲ್ಲಿ ಹೊಸ ಡಿಸ್ಕ್ ಬರುವುದು ನಿಂತಿತು.

ತೋಷಿಬಾ ಹೋದ ಕೂಡಲೇ ಬ್ಲೂ-ರೇಯವರು ಬೆಲೆ ಇಳಿಸಿದರು ಅಂತ ತಿಳಿಯಬೇಡಿ. ಎದುರಾಳಿ ಇಲ್ಲದ ಮೇಲೆ ಯಾರು ಇಳಿಸುತ್ತಾರೆ? 2009ರ ಕೊನೆಗೆ ಹಬ್ಬದ ಸೇಲಿನಲ್ಲಿ 100 ಡಾಲರಿನ ಕೆಳಗೆ ಬಂತು. ಆಮೇಲೆ ಚಿಪ್, ಲೇಸರ್ ಎಲ್ಲ ಅಗ್ಗವಾಗಿ ಇಳಿಯುತ್ತಲೇ ಹೋಯಿತು. ಅಷ್ಟರಲ್ಲಿ ಜನ ಇಂಟರ್ನೆಟ್ಟಿನಲ್ಲಿ ಸಿನಿಮಾ ನೋಡಲು ಶುರು ಮಾಡಿದ್ದರು. ಈಗ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದಾರೆ. ಒಪ್ಪೋ 2018ರಲ್ಲಿ ಪ್ಲೇಯರ್ ಮಾಡುವುದು ಬಿಟ್ಟಿತು, ಸ್ಯಾಮ್‌ಸಂಗ್ 2019ರಲ್ಲಿ ಅಮೆರಿಕಕ್ಕೆ ಹೊಸ ಮಾಡೆಲ್ ಇಲ್ಲ ಅಂತ ಹೇಳಿತು, ಎಲ್‌ಜಿ 2024ರಲ್ಲಿ ನಿಲ್ಲಿಸಿತು. 2025ರ ಫೆಬ್ರವರಿಯಲ್ಲಿ ಸೋನಿ ಬರೆಯುವ ಖಾಲಿ ಬ್ಲೂ-ರೇ ಡಿಸ್ಕ್ ಮಾಡುವುದನ್ನೂ ನಿಲ್ಲಿಸಿತು. ಹಾಗಾಗಿ ನಿಮ್ಮ ಶಾರ್ಜಾದ ಪ್ಲೇಯರಿನಲ್ಲಿ ಐಬು ಇಲ್ಲದಿರಬಹುದು. ಕೇಳುವವರು ಇಲ್ಲ, ಅದಕ್ಕೇ ಆ ಬೆಲೆ.

ಚಿತ್ರದ ವಿಷಯದಲ್ಲಿ ಮಾತ್ರ ನಾನು ಬ್ಲೂ-ರೇ ಪಕ್ಷ. ನೆಟ್‌ಫ್ಲಿಕ್ಸಿನವರು ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ ಸಾಕು ಅನ್ನುತ್ತಾರೆ. ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರಕ್ಕೇ 40ರವರೆಗೆ ಹೋಗಬಹುದು. ಕತ್ತಲೆಯ ದೃಶ್ಯ, ಹೊಗೆ, ಮಳೆ ಇವೆಲ್ಲ ಬಂದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಪೆನ್‌ಡ್ರೈವ್_ಪಂಡಿತ

ನೀಲಿಕಿರಣರೇ, ನಮ್ಮ ಕಡೆ ಮಳೆಯ ದೃಶ್ಯ ನೋಡಲು ಕಿಟಕಿ ತೆರೆದರೆ ಸಾಕು.

ಕುಂಬಳೆ_ಸೀಮೆ

ನೀಲಿಕಿರಣರು ಬರೆದದ್ದು ಚಂದ ಉಂಟು, ಆದರೆ ಅದು ಅಮೆರಿಕದ ಕಥೆ. ನಮ್ಮ ಕಡೆ ಯಾರ ಮನೆಯಲ್ಲೂ ನೋಡಿಲ್ಲ ಅಂತ ಬೈಲಿನವರು ಬರೆದರಲ್ಲ, ಅದಕ್ಕೆ ನಾನು ಹೇಳುತ್ತೇನೆ. ನಾನು ಕುಂಬಳೆ ಪೇಟೆಯಲ್ಲಿ ಬಹಳ ವರ್ಷ ಕ್ಯಾಸೆಟ್, ಸಿಡಿ ಅಂಗಡಿ ಇಟ್ಟಿದ್ದವನು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಪ್ಲೇಯರಿನ ಬೆಲೆ ಬಿತ್ತು, ಬಿತ್ತು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಗಿರಾಕಿಗಳು ಪ್ಲೇಯರಿನ ಬೆಲೆ ನೋಡಿ ಹಿಂದೆ ಹೋದವರಲ್ಲ. ನಮ್ಮದು ಗಲ್ಫ್ ದುಡ್ಡು ಬರುವ ಊರು. ವಿಸಿಆರ್ ಬಂದಾಗ, ಟೂ-ಇನ್-ಒನ್ ಬಂದಾಗ ಬೇರೆ ಊರಿನವರಿಗಿಂತ ಮೊದಲು ನಮ್ಮ ಕಡೆ ಬಂದಿತ್ತು. ರಜೆಗೆ ಬರುವವರು ಒಂದಿಬ್ಬರು ಬ್ಲೂ-ರೇಯನ್ನೂ ತಂದಿದ್ದರು. ತಂದವರು ನನ್ನ ಅಂಗಡಿಗೆ ಬಂದು ಕೇಳಿದ್ದು ಒಂದೇ, ಇದಕ್ಕೆ ಹಾಕುವುದು ಏನುಂಟು? ನನ್ನ ಹತ್ತಿರ ಏನೂ ಇರಲಿಲ್ಲ. ಮಂಗಳೂರಿನಿಂದ ಬೇಕಾದರೆ ಇಂಗ್ಲಿಷ್ ಸಿನಿಮಾ, ಹಿಂದಿ ಸಿನಿಮಾ ತರಿಸಬಹುದಿತ್ತು, ಒಂದಕ್ಕೆ ಸಾವಿರ ರೂಪಾಯಿ ಆಸುಪಾಸು. ಸೀಮೆಎಣ್ಣೆ ಸಿಗದ ಊರಿನಲ್ಲಿ ಪೆಟ್ರೋಮ್ಯಾಕ್ಸನ್ನು ಅರ್ಧ ಬೆಲೆಗೆ ಕೊಟ್ಟ ಹಾಗೆ ಆಯಿತು.

ಅದೇ ಹೊತ್ತಿಗೆ ಡಿಸ್ಕಿನ ಬೆಲೆ ಎಲ್ಲಿತ್ತು ಗೊತ್ತಾ? 2007ರ ಸುಮಾರಿಗೆ ಮೋಸರ್ ಬೇರ್ ಕಂಪೆನಿ ಸಿನಿಮಾದ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಬಿಟ್ಟಿತು. ಅಸಲಿ ಡಿಸ್ಕ್! ಅದರ ಮೊದಲು ಜನ ಬಾಡಿಗೆಗೆ ಒಯ್ಯುತ್ತಿದ್ದರು, ಮರುದಿನ ತರದಿದ್ದರೆ ನಾನು ಫೋನ್ ಮಾಡಬೇಕಿತ್ತು. 28 ರೂಪಾಯಿಗೆ ಸ್ವಂತದ್ದೇ ಸಿಗುವಾಗ ಬಾಡಿಗೆ ಯಾರಿಗೆ ಬೇಕು? ನನ್ನ ಬಾಡಿಗೆ ವ್ಯಾಪಾರ ಅಲ್ಲಿಗೆ ಅರ್ಧ ಮುಗಿಯಿತು. 34 ರೂಪಾಯಿಯ ಡಿಸ್ಕ್ ನೋಡಿ ಅಭ್ಯಾಸ ಆದ ಗಿರಾಕಿಗೆ ಸಾವಿರದ ಡಿಸ್ಕ್ ತೋರಿಸಿ ಚಿತ್ರ ಸ್ಪಷ್ಟ ಉಂಟು ಅಂತ ಹೇಳಿದರೆ ನಗುತ್ತಾನೆ ಅಷ್ಟೇ. ಅವನ ಮನೆಯಲ್ಲಿ ಇದ್ದದ್ದು 21 ಇಂಚಿನ ಡಬ್ಬಾ ಟಿವಿ. ಅದರಲ್ಲಿ ಬ್ಲೂ-ರೇ ಹಾಕಿದರೂ ಡಿವಿಡಿ ಹಾಕಿದರೂ ಕಾಣುವುದು ಒಂದೇ.

ಆದರೆ ನನಗೆ ಮುಖ್ಯ ಅನಿಸುವುದು ಇದು ಯಾವುದೂ ಅಲ್ಲ. ನನ್ನ ಅಂಗಡಿಯಲ್ಲಿ ಜಾಸ್ತಿ ಹೋಗುತ್ತಿದ್ದದ್ದು ಸಿನಿಮಾ ಅಲ್ಲ. ಯಕ್ಷಗಾನ, ತುಳು ನಾಟಕ, ಮಾಪಿಳ್ಳೆ ಪಾಟ್ಟು, ಭಜನೆ, ದೇವಸ್ಥಾನದ ಬ್ರಹ್ಮಕಲಶ, ಮದುವೆ. ಒಂದೇ ಕಪಾಟಿನಲ್ಲಿ ನಾಲ್ಕೈದು ಭಾಷೆ. ಇವನ್ನೆಲ್ಲ ಮಾಡುತ್ತಿದ್ದವರು ಯಾರು? ಒಂದು ಕ್ಯಾಮರಾ, ಒಂದು ಕಂಪ್ಯೂಟರ್, ಡಿಸ್ಕ್ ಬರೆಯುವ ಒಂದು ರೈಟರ್ ಇಟ್ಟುಕೊಂಡ ಸ್ಟುಡಿಯೊದವರು. ಖಾಲಿ ಸಿಡಿಯ ಕಟ್ಟು ತರುತ್ತಿದ್ದರು, ರಾತ್ರಿಯೆಲ್ಲ ಬರೆಯುತ್ತಿದ್ದರು, ಸ್ಟಿಕ್ಕರ್ ಹಚ್ಚಿ ಬೆಳಿಗ್ಗೆ ನನಗೆ ತಂದು ಕೊಡುತ್ತಿದ್ದರು. ಬ್ಲೂ-ರೇ ಒತ್ತಿಸಬೇಕಾದರೆ ಹಾಗೆ ಆಗುವುದಿಲ್ಲ. ಫ್ಯಾಕ್ಟರಿಯಲ್ಲಿ ಒತ್ತಿಸುವ ಡಿಸ್ಕಿಗೆ ಕಾಪಿ ತಡೆಯುವ ಎಎಸಿಎಸ್ ಎಂಬ ಬೀಗ ಹಾಕಲೇಬೇಕು ಅಂತ ನಿಯಮ, ಅದರ ಲೈಸೆನ್ಸಿಗೆ ದುಡ್ಡು ಕಟ್ಟಬೇಕು. ಇನ್ನೂರು ಮುನ್ನೂರು ಕಾಪಿ ಮಾರುವ ನಮ್ಮ ಸ್ಟುಡಿಯೊದವನು ಅದರ ಹತ್ತಿರ ಹೋಗುತ್ತಾನಾ? ಮನೆಯಲ್ಲೇ ಬರೆಯೋಣ ಅಂದರೆ ಖಾಲಿ ಬ್ಲೂ-ರೇ ಡಿಸ್ಕಿನ ಒಂದರ ದುಡ್ಡಿಗೆ ಖಾಲಿ ಸಿಡಿಯ ಕಟ್ಟೇ ಬರುತ್ತಿತ್ತು.

ನನಗೆ ಹೊಟ್ಟೆ ಉರಿಯುವ ವಿಷಯ ಒಂದುಂಟು. ವಿಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಬೆಳಗಿನವರೆಗಿನ ಆಟ ಅಂದರೆ ಏಳೆಂಟು ಡಿಸ್ಕ್. ಯುದ್ಧ ಜೋರಾಗಿ ಚೆಂಡೆ ಏರುವ ಹೊತ್ತಿಗೆ ಸರಿಯಾಗಿ ಡಿಸ್ಕ್ ಮುಗಿಯುತ್ತದೆ, ಯಾರಾದರೂ ಎದ್ದು ಮುಂದಿನದ್ದು ಹಾಕಬೇಕು, ಅದನ್ನು ಯಾರೋ ಬೇರೆ ಕವರಿನೊಳಗೆ ಹಾಕಿಟ್ಟಿರುತ್ತಾರೆ. ಒಂದು 25 ಜಿಬಿಯ ಬ್ಲೂ-ರೇಗೆ ಡಿವಿಡಿಯಷ್ಟೇ ಗುಣಮಟ್ಟದಲ್ಲಿ ತುಂಬಿಸಿದರೆ, ಸೆಕೆಂಡಿಗೆ 5 ಮೆಗಾಬಿಟ್ ಅಂತ ಲೆಕ್ಕ ಹಾಕಿ, 11 ಗಂಟೆ ಹಿಡಿಯುತ್ತದೆ. ಸಭಾಲಕ್ಷಣದಿಂದ ಮಂಗಳದವರೆಗೆ ಒಂದೇ ಡಿಸ್ಕ್! ಆಟಕ್ಕೆ ಹೇಳಿ ಮಾಡಿಸಿದ ಸಾಮಾನು ಅದು. ನನ್ನ ಅಂಗಡಿಗೆ ಅಂಥದ್ದು ಒಂದೂ ಬರಲಿಲ್ಲ.

ನೀಲಿಕಿರಣ

ಕುಂಬಳೆಯವರೇ, ಆ 11 ಗಂಟೆಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಎಲ್ಲರೂ ಬ್ಲೂ-ರೇ ಅಂದರೆ ಸ್ಪಷ್ಟ ಚಿತ್ರ ಅಂತಲೇ ನೋಡಿದರು, ಉದ್ದದ ಕಾರ್ಯಕ್ರಮಕ್ಕೆ ಅಂತ ನೋಡಿದವರು ಕಮ್ಮಿ. ಆದರೆ ಒಂದು ಮಾತಿಗೆ ಒಪ್ಪುವುದಿಲ್ಲ. ಡಬ್ಬಾ ಟಿವಿ ಹೋಗಿ ಎಲ್‌ಸಿಡಿ ಬಂದ ಮೇಲೆ ನಮ್ಮ ಊರಿನಲ್ಲೂ ಬ್ಲೂ-ರೇಗೆ ಒಂದು ಅವಕಾಶ ಇತ್ತು ಅಲ್ವಾ? ಪ್ಲೇಯರ್ ಅಷ್ಟರಲ್ಲಿ ಏಳೆಂಟು ಸಾವಿರಕ್ಕೆ ಇಳಿದಿತ್ತು.

ಕುಂಬಳೆ_ಸೀಮೆ

ಇತ್ತು ಅಂತ ನಿಮಗೆ ಕಾಣುತ್ತದೆ. ಎಲ್‌ಸಿಡಿ ಟಿವಿ ಬರುವಾಗ ಅದರ ಬದಿಯಲ್ಲಿ ಪೆನ್‌ಡ್ರೈವ್ ಚುಚ್ಚುವ ತೂತೂ ಬಂತು. ಯಾವ ಟಿವಿಯಲ್ಲಿ ಬ್ಲೂ-ರೇ ಚೆನ್ನಾಗಿ ಕಾಣುತ್ತದೋ ಅದೇ ಟಿವಿಗೆ ಪ್ಲೇಯರೇ ಬೇಡ. ಹುಡುಗರು ಪೆನ್‌ಡ್ರೈವ್ ಹಿಡಿದುಕೊಂಡು ಅಂಗಡಿಗೆ ಬಂದು ಇದಕ್ಕೆ ತುಂಬಿಸಿ ಕೊಡಿ ಅಂತ ಕೇಳತೊಡಗಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅದನ್ನೂ ಕೇಳಲಿಲ್ಲ. ನಾನು ಮರುವರ್ಷ ಬಾಗಿಲು ಹಾಕಿದೆ.

ಪೆನ್‌ಡ್ರೈವ್_ಪಂಡಿತ

ನನ್ನ ಹೆಸರಿಗೆ ಈಗಲಾದರೂ ಮರ್ಯಾದೆ ಬಂತು.

ಬದಿಯಡ್ಕ_ಬೈಲು

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಉಪಕಾರ ಆಯಿತು. ನಿನ್ನೆ ಪೆಟ್ಟಿಗೆ ಇಳಿಸಿ ನೋಡಿದೆ. ಮುಕ್ಕಾಲು ಪಾಲು ವಿಸಿಡಿಯೇ. ಅಣ್ಣ ಕಳಿಸಿದ ಮಾಡೆಲಿನ ಮ್ಯಾನ್ಯುಯಲ್ ತೆಗೆದರೆ ಡಿಸ್ಕಿನ ಪಟ್ಟಿಯಲ್ಲಿ ವಿಸಿಡಿ ಇಲ್ಲ. ಹಾಗಾಗಿ ಬೇಡ ಅಂತ ಹೇಳಿಬಿಟ್ಟೆ. ಅವನಿಗೆ ಸ್ವಲ್ಪ ಬೇಜಾರಾಗಿದೆ, ಅಷ್ಟು ಒಳ್ಳೆಯ ಸಾಮಾನು ಅಂತ ಹೇಳುತ್ತಿದ್ದಾನೆ.

ಈಗ ನನ್ನ ತಲೆಬಿಸಿ ಬೇರೆ. ಮಳೆಗಾಲದ ತಂಪಿಗೋ ಏನೋ, ಕೆಲವು ಡಿಸ್ಕಿಗೆ ಪ್ಲಾಸ್ಟಿಕ್ ಕವರ್ ಅಂಟಿಕೊಂಡಿದೆ. ಕೆಲವುದರ ಮೇಲೆ ಭಾಗವತರ ಫೋಟೊ ಇರುವ ಕಾಗದದ ಸ್ಟಿಕ್ಕರ್ ಅಂಚಿನಲ್ಲಿ ಎದ್ದು ನಿಂತಿದೆ. ಕೆಲವುದರ ಕೆಳಗಿನ ಮೈ ಬೆಳ್ಳಿಯ ಬಣ್ಣ, ಕೆಲವುದರದ್ದು ಹಸಿರು ಛಾಯೆ. ಅಪ್ಪ ಮಾರ್ಕರಿನಲ್ಲಿ ಪ್ರಸಂಗದ ಹೆಸರು, ಭಾಗ ಬರೆದಿಟ್ಟಿದ್ದಾರೆ, ಅದೊಂದು ಪುಣ್ಯ. ಇವನ್ನು ಉಳಿಸುವ ದಾರಿ ಯಾವುದು? ಹೊಸ ಡಿವಿಡಿ ಪ್ಲೇಯರ್ ತೆಗೆಯಲಾ, ಇಲ್ಲಾ ಕಂಪ್ಯೂಟರಿಗೆ ಹಾಕಲಾ?

ಉಪ್ಪಳ_ಸರ್ವಿಸ್

ಎರಡೂ ಮಾಡಿ, ಆದರೆ ಕಂಪ್ಯೂಟರ್ ಮೊದಲು. ಲ್ಯಾಪ್‌ಟಾಪಿಗೆ ಹೊರಗಿನಿಂದ ಚುಚ್ಚುವ ಡಿವಿಡಿ ಡ್ರೈವ್ ಸಾವಿರದಿಂದ ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಬ್ಲೂ-ರೇ ಡ್ರೈವಿಗೆ ಅದರ ಎಷ್ಟೋ ಪಟ್ಟು, ನಿಮಗೆ ಬೇಡ.

ಹಸಿರು ಅಥವಾ ನೀಲಿ ಛಾಯೆ ಇರುವುದು ಸ್ಟುಡಿಯೊದವರು ರೈಟರಿನಲ್ಲಿ ಬರೆದದ್ದು. ಅದರಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ತಾಗಿ ಅದು ಮಂಕಾಗುತ್ತಾ ಹೋಗುತ್ತದೆ. ಬೆಳ್ಳಿಯದ್ದು ಫ್ಯಾಕ್ಟರಿಯಲ್ಲಿ ಒತ್ತಿದ್ದು, ಅದು ಇನ್ನೂ ಸ್ವಲ್ಪ ಕಾಲ ತಡೆಯುತ್ತದೆ. ಆದ್ದರಿಂದ ಹಸಿರಿನವನ್ನು ಮೊದಲು ತೆಗೆದುಕೊಳ್ಳಿ, ಅದರಲ್ಲೂ ನಿಮ್ಮ ಅಪ್ಪ ಕಾಪಿ ಮಾಡಿಸಿದ್ದನ್ನು. ಅಂಗಡಿಯಲ್ಲಿ ಮಾರಿದ್ದು ಇನ್ನೊಬ್ಬರ ಮನೆಯಲ್ಲಾದರೂ ಇರಬಹುದು.

ಸ್ಟಿಕ್ಕರ್ ಎದ್ದಿದೆ ಅಂತ ಎಳೆಯಲು ಹೋಗಬೇಡಿ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಕೆಳಗೆ ಅಲ್ಲ, ಮೇಲೆ, ಲೇಬಲಿನ ಸರಿ ಕೆಳಗೆ. ಸ್ಟಿಕ್ಕರ್ ಎಳೆದರೆ ಅದರ ಜೊತೆ ಬೆಳ್ಳಿಯೂ ಕಿತ್ತು ಬರುತ್ತದೆ, ಆಮೇಲೆ ಬೆಳಕಿಗೆ ಹಿಡಿದರೆ ತೂತು ಕಾಣುತ್ತದೆ. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ, ಅಷ್ಟು ಹೆದರಬೇಕಾಗಿಲ್ಲ. ಎದ್ದ ಅಂಚನ್ನು ಮಾತ್ರ ಕತ್ತರಿಯಲ್ಲಿ ಮೆಲ್ಲಗೆ ಕತ್ತರಿಸಿ, ಡ್ರೈವಿನೊಳಗೆ ತಿರುಗುವಾಗ ತಾಗದಿದ್ದರೆ ಸಾಕು. ಕವರ್ ಅಂಟಿಕೊಂಡದ್ದನ್ನು ಒಣಗಿದ ಜಾಗದಲ್ಲಿ ಒಂದೆರಡು ದಿನ ಬಿಟ್ಟು, ಆಮೇಲೆ ಕವರನ್ನು ಕತ್ತರಿಸಿ ತೆಗೆಯಿರಿ. ಕೊಳೆ ಇದ್ದರೆ ಬರೀ ನೀರಿನಲ್ಲಿ ಒದ್ದೆ ಮಾಡಿದ ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ತಿರುಗಿಸಿ ಒರೆಸಬಾರದು, ಆ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಹೋಗುತ್ತದೆ, ಮತ್ತೆ ಪ್ಲೇಯರಿಗೆ ಓದಲು ಕಷ್ಟ.

ವಿಸಿಡಿ ತೆರೆದರೆ ಒಳಗೆ ಎಂಪೆಗ್‌ಎವಿ (MPEGAV) ಅಂತ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ ಡಾಟ್ ಡ್ಯಾಟ್ (.DAT) ಅಂತ ಕೊನೆಯಾಗುವ ಫೈಲ್ ಇರುತ್ತದಲ್ಲ, ಅದೇ ವಿಡಿಯೊ. ಅದನ್ನು ಕಾಪಿ ಮಾಡಿ, ವಿಎಲ್‌ಸಿ ಎಂಬ ವಿಡಿಯೊ ಓಡಿಸುವ ಸಾಫ್ಟ್‌ವೇರಿನಲ್ಲಿ ಓಡಿಸಿ ನೋಡಿ. ಎಷ್ಟೋ ಡಿಸ್ಕ್ ಪ್ಲೇಯರಿನಲ್ಲಿ ತಡವರಿಸಿದರೂ ಓಡುತ್ತದೆ, ಕಾಪಿ ಮಾಡುವಾಗ ಮಾತ್ರ ಒಂದು ಗೀರು ಬಂದರೆ ಕಂಪ್ಯೂಟರ್ ಆಗುವುದಿಲ್ಲ ಅಂತ ನಿಲ್ಲಿಸಿಬಿಡುತ್ತದೆ. ಆಗ ಬಿಸಾಡಬೇಡಿ. ಬೇರೆ ಡ್ರೈವಿನಲ್ಲಿ ಹಾಕಿ ನೋಡಿ, ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಉಂಟು. ನಿಮ್ಮಲ್ಲಿ ಆಗದೆ ಉಳಿದದ್ದನ್ನು ನನ್ನ ಅಂಗಡಿಗೆ ತನ್ನಿ, ಹಳೆಯ ಕಂಪ್ಯೂಟರಿನ ಡ್ರೈವುಗಳನ್ನು ಇದಕ್ಕೇ ಅಂತ ಇಟ್ಟಿದ್ದೇನೆ.

ಕುಂಬಳೆ_ಸೀಮೆ

ಬೈಲಿನವರೇ, ಕಾಪಿ ಆದ ಮೇಲೆ ಪ್ರಸಂಗದ ಹೆಸರು, ಮೇಳ, ಭಾಗವತರು, ಎಲ್ಲಿ ಆದದ್ದು ಅಂತ ಅಪ್ಪನನ್ನು ಕೇಳಿ ಫೈಲಿನ ಹೆಸರಿನಲ್ಲೇ ಬರೆಯಿರಿ. ಸ್ಟುಡಿಯೊದವರು ಹೆಸರು ಹಾಕುವಾಗ ವೇಷಧಾರಿಗಳದ್ದು ಅರ್ಧ ಬಿಟ್ಟಿರುತ್ತಾರೆ. ಒಂದು ಆಟದ ಏಳು ಡಿಸ್ಕಿಗೂ ಒಂದೇ ಹೆಸರಿನ ಫೈಲ್ ಇರುತ್ತದೆ, ಒಂದರ ಮೇಲೊಂದು ಕಾಪಿ ಆಗಿ ಮೊದಲಿನದ್ದು ಹೋಗದ ಹಾಗೆ ಬೇರೆ ಬೇರೆ ಫೋಲ್ಡರ್ ಮಾಡಿಕೊಳ್ಳಿ. ನನ್ನ ಹತ್ತಿರವೂ ಅಂಗಡಿ ಮುಚ್ಚುವಾಗ ಉಳಿದದ್ದು ಒಂದಷ್ಟು ಉಂಟು, ನಿಮ್ಮಲ್ಲಿ ಯಾವುದಾದರೂ ಪ್ರಸಂಗದ ಒಂದು ಭಾಗ ಓದದೆ ಹೋದರೆ ಕೇಳಿ, ಹುಡುಕಿ ಕೊಡುತ್ತೇನೆ.

ಬದಿಯಡ್ಕ_ಬೈಲು

ಖಂಡಿತ ಕೇಳುತ್ತೇನೆ. ಡ್ರೈವ್ ಆರ್ಡರ್ ಮಾಡಿದೆ. ಒಟ್ಟು ಎಷ್ಟು ಜಾಗ ಬೇಕಾದೀತು, 1 ಟಿಬಿ ಹಾರ್ಡ್ ಡಿಸ್ಕ್ ಸಾಕಾ?

ಉಪ್ಪಳ_ಸರ್ವಿಸ್

ಧಾರಾಳ ಸಾಕು. ಒಂದು ವಿಸಿಡಿ 700-800 ಎಂಬಿ, ಡಿವಿಡಿ ಆದರೆ ಸಾಧಾರಣ 4.7 ಜಿಬಿಯ ಒಳಗೆ. ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಡಬೇಡಿ, ಎರಡು ತೆಗೆದು ಒಂದನ್ನು ಅಕ್ಕನ ಮನೆಯಲ್ಲೋ ಬೇರೆಲ್ಲೋ ಇಡಿ. ಮತ್ತೆ ತುಲಾ ತಿಂಗಳಲ್ಲಿ ಮೋಡ ಕಟ್ಟಿದ ಕೂಡಲೇ ಟಿವಿಯ ಪ್ಲಗ್ ಮಾತ್ರ ಅಲ್ಲ, ಕೇಬಲ್ಲಿನ ಪಿನ್ನೂ ಎಚ್‌ಡಿಎಂಐ ವಯರೂ ತೆಗೆದಿಡಿ. ಸಿಡಿಲಿಗೆ ಹೋಗಿ ನನ್ನ ಅಂಗಡಿಗೆ ಬರುವ ಟಿವಿಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದಲೇ ಹೊಡೆದದ್ದು.